ಎರಡು ತುಂಡಿನ ಸಂದಿಗೆ ಬಿದ್ದವರು

ನಮ್ಮ ಆಫೀಸಿನಲ್ಲಿ ಅವನ ಪೂರ್ತಿ ಹೆಸರು ಗೊತ್ತಿರುವುದು ಹಾಜರಿ ಯಂತ್ರಕ್ಕೆ ಮಾತ್ರ. ಉಳಿದ ನಮಗೆಲ್ಲ ಅವನು ‘ಗೊತ್ತಾಯ್ತು’. ಯಾರು ಏನು ಹೇಳಲು ಬಾಯಿ ತೆರೆದರೂ ಮೂರನೆಯ ಮಾತಿಗೇ “ಗೊತ್ತಾಯ್ತು, ಗೊತ್ತಾಯ್ತು” ಎಂದು ತಲೆಯಾಡಿಸಿ ಕುರ್ಚಿ ತಿರುಗಿಸಿಕೊಂಡುಬಿಡುತ್ತಿದ್ದ. ಒಮ್ಮೆ ಕ್ಯಾಂಟೀನಿನ ಹೆಂಗಸು “ಸಾರ್, ಇವತ್ತು ಹಾಲು...” ಎನ್ನುವಷ್ಟರಲ್ಲಿ “ಗೊತ್ತಾಯ್ತು, ಎರಡು ಚಹಾ ಕೊಡಿ” ಎಂದ. ಹಾಲು ಒಡೆದಿದೆ ಎಂದು ಹೇಳಲು ಹೊರಟವಳು ಬಾಯಿ ಮುಚ್ಚಿಕೊಂಡು ಎರಡು ಚಹಾ ಕೊಟ್ಟಳು. ಒಂದನ್ನು ತಂದು ನನ್ನ ಮುಂದಿಟ್ಟ, ಇನ್ನೊಂದನ್ನು ತಾನು ಕೊನೆಯ ಗುಟುಕಿನವರೆಗೂ ಕುಡಿದ. ತಪ್ಪಾಯಿತು ಎನ್ನುವುದಕ್ಕಿಂತ ಒಡೆದ ಹಾಲು ಕುಡಿಯುವುದೇ ಅವನಿಗೆ ಸುಲಭ.

ನನ್ನ ಮೇಜು ಅವನ ಎದುರಿಗೆ. ಅವನು ಜಾಲತಾಣ ಕಟ್ಟುವವನು, ನಾನು ಅದರಲ್ಲಿ ತಪ್ಪು ಹುಡುಕುವವಳು. ಟೆಸ್ಟರ್ ಎನ್ನುತ್ತಾರೆ ನಮ್ಮನ್ನು. ಹನ್ನೊಂದು ವರ್ಷದಿಂದ ಪರರ ತಪ್ಪು ಹುಡುಕಿಯೇ ಬದುಕಿರುವುದರಿಂದ ನನ್ನ ನಾಲಿಗೆ ಸ್ವಲ್ಪ ಹರಿತ. ಮನೆಯವರೂ ಹಾಗೇ ಅನ್ನುತ್ತಾರೆ. ಅವರ ತಪ್ಪುಗಳೂ ನನ್ನ ಹತ್ತಿರ ದಿನಾಂಕ ಸಮೇತ ಇವೆ.

ಅವನು ದಡ್ಡ ಎಂದು ನಾನು ಹೇಳುತ್ತಿಲ್ಲ. ದಡ್ಡನಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಎರಡು ಸಲ ಕೇಳುತ್ತಿದ್ದ. ಇವನು ಚುರುಕು. ವಿಡಿಯೋಗಳನ್ನು ದುಪ್ಪಟ್ಟು ವೇಗದಲ್ಲಿ ನೋಡುತ್ತಿದ್ದ. ಊಟ ಬಿಸಿ ಮಾಡುವ ಯಂತ್ರದಲ್ಲಿ ಇನ್ನೂ ಹತ್ತು ಸೆಕೆಂಡು ಬಾಕಿಯಿರುವಾಗಲೇ ಬಾಗಿಲು ಕಿತ್ತು, ನಡುವೆ ತಣ್ಣಗಿರುವ ಅನ್ನ ತಿನ್ನುತ್ತಿದ್ದ. ಮದುವೆಯ ಮಾತುಕತೆಯ ದಿನ ಹುಡುಗಿ “ನಿಮ್ಮ ಹತ್ರ ಒಂದು ವಿಷಯ...” ಎಂದಾಗಲೂ “ಗೊತ್ತಾಯ್ತು” ಎಂದು ನಕ್ಕನಂತೆ. ಅವಳು ಹೇಳಬೇಕೆಂದಿದ್ದದ್ದು ಈ ಮದುವೆ ತನಗೆ ಬೇಡ ಎಂದು. ಎಂಟು ವರ್ಷವಾಯಿತು, ಹೇಳಲು ಇನ್ನೂ ಸಂದರ್ಭ ಸಿಕ್ಕಿಲ್ಲ ಎಂದು ಅವಳೇ ಒಮ್ಮೆ ನಮ್ಮೆಲ್ಲರ ಮುಂದೆ ಹೇಳಿ ನಕ್ಕಳು. ಅವನೂ ನಕ್ಕ, ಆದರೆ ಅವನು ನಕ್ಕಿದ್ದು ಅವಳ ಮಾತು ಮುಗಿಯುವ ಮೊದಲೇ.

ಇಂಥವನಿಗೆ ದೇವರು ಒಬ್ಬ ಅಕ್ಕನನ್ನು ಕೊಟ್ಟಿದ್ದ. ಎಲ್ಲ ನಿಲ್ದಾಣದಲ್ಲೂ ನಿಂತು ಹೋಗುವ ಬಸ್ಸಿನ ಥರದ ಮಾತು ಅವಳದು. ಇವತ್ತಿನ ವಿಷಯ ಹೇಳಬೇಕಾದರೆ ಮೊನ್ನೆಯಿಂದ ಶುರು ಮಾಡುವಳು. ನಗರದ ಆ ತುದಿಯ ಒಂದು ಸರ್ಕಾರಿ ಶಾಲೆಯಲ್ಲಿ ಪ್ರಯೋಗಾಲಯದ ಸಹಾಯಕಿ. ಹತ್ತೊಂಬತ್ತು ವರ್ಷದಿಂದ ತಾತ್ಕಾಲಿಕ. ಪ್ರತಿ ವರ್ಷ ಹೊಸ ಆದೇಶ, ಪ್ರತಿ ವರ್ಷ ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಅದೇ ದಿಗಿಲು. ಆಸಿಡ್ ಬಾಟಲಿಗಳಿಗೆ ಚೀಟಿ ಅಂಟಿಸುವುದು, ಗಾಜಿನ ನಳಿಕೆ ತೊಳೆದು ಬೋರಲು ಹಾಕುವುದು, ಮಕ್ಕಳು ಪುಸ್ತಕದಲ್ಲಿ ಇದ್ದ ಸಂಖ್ಯೆಯನ್ನೇ ನಕಲು ಮಾಡಿದರೆ ಅಳತೆಪಟ್ಟಿಯ ಮುಂದೆ ಮತ್ತೆ ನಿಲ್ಲಿಸುವುದು, ಇದೇ ಅವಳ ಬದುಕು. ತಿಂಗಳಿಗೊಮ್ಮೆ ನಮ್ಮ ಆಫೀಸಿಗೆ ಬಂದು ತಮ್ಮನಿಗೆ ಏನಾದರೊಂದು ಡಬ್ಬಿ ಕೊಟ್ಟು, ನನ್ನ ಹತ್ತಿರ ಕೂತು ಮಾತಾಡಿ ಹೋಗುವಳು. ತಮ್ಮ ಕೇಳಿಸಿಕೊಳ್ಳದ ಮಾತೆಲ್ಲ ನನ್ನ ಪಾಲಿಗೆ ಬರುತ್ತಿತ್ತು.

ಆ ವರ್ಷ ಶಿಕ್ಷಣ ಇಲಾಖೆ ಕೊನೆಗೂ ತಾತ್ಕಾಲಿಕದವರನ್ನು ಕಾಯಂ ಮಾಡಲು ಹೊರಟಿತು. ಅರ್ಜಿ ಹಾಕಿದವರು ಲಕ್ಷದ ಹತ್ತಿರ, ಆಯ್ಕೆಯಾದವರು ಮೂವತ್ತೆಂಟು ಸಾವಿರದ ನಾನೂರು ಚಿಲ್ಲರೆ. ಪಟ್ಟಿ ಜಾಲತಾಣದಲ್ಲಿ ಮಾತ್ರ ಪ್ರಕಟ. ಬೆಳಿಗ್ಗೆ ಹತ್ತಕ್ಕೆ ಪಟ್ಟಿ ಬರುತ್ತದೆ, ಹೆಸರಿದ್ದವರು ಅದೇ ದಿನ ಸಂಜೆ ನಾಲ್ಕರೊಳಗೆ ಮೂಲ ದಾಖಲೆಗಳೊಂದಿಗೆ ತಮ್ಮ ವಲಯದ ಕಚೇರಿಗೆ ಬರಬೇಕು. ಬರದಿದ್ದರೆ ಕೆಲಸಕ್ಕೆ ಸೇರಲು ಇಷ್ಟವಿಲ್ಲ ಎಂದು ತಿಳಿದು ಮುಂದಿನವರಿಗೆ ಕೊಡಲಾಗುವುದು. ಹತ್ತೊಂಬತ್ತು ವರ್ಷ ಕಾಯಿಸಿದ ಇಲಾಖೆಗೆ ಆ ಒಂದು ದಿನ ಮಾತ್ರ ಎಲ್ಲಿಲ್ಲದ ಅವಸರ. ಪಟ್ಟಿಯ ಪುಟ ಕಟ್ಟುವ ಕೆಲಸ ನಮ್ಮ ಕಂಪನಿಗೆ ಬಂತು, ಕಂಪನಿಯಲ್ಲಿ ಅವನಿಗೆ ಬಂತು.

ಅಷ್ಟು ದೊಡ್ಡ ಪಟ್ಟಿ ಪೂರ್ತಿ ಇಳಿಯುವವರೆಗೆ ಫೋನಿನಲ್ಲಿ ಒಂದು ಚಕ್ರ ಗಿರಗಿರ ತಿರುಗುತ್ತಿರುವುದು ಹಳೆಯ ಪದ್ಧತಿ. ಅವನಿಗೆ ಆ ಚಕ್ರ ಕಂಡರೆ ಆಗದು. “ಜನ ಯಾಕೆ ಕಾಯಬೇಕು? ಡೌನ್‌ಲೋಡ್ ಆಗ್ತಾ ಆಗ್ತಾನೇ ತೋರಿಸ್ತೀನಿ” ಎಂದ. ಜಾಲದ ಮೇಲೆ ದೊಡ್ಡ ಕಡತ ಇಡಿಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಮೊದಲ ತುಂಡು ಬಂದ ಕೂಡಲೇ ಅದರಲ್ಲಿರುವ ಸಾಲುಗಳನ್ನು ಬಿಡಿಸಿ ಹೆಸರು ತೋರಿಸುವುದು, ಅಷ್ಟರಲ್ಲಿ ಎರಡನೆಯದು ಬಂದಿರುತ್ತದೆ, ಅದನ್ನು ಬಿಡಿಸುವುದು. ಒಳ್ಳೆಯ ಉಪಾಯವೇ. ನಾನು ಬೈಯುವುದು ಅದನ್ನಲ್ಲ.

ಆದರೆ ಆ ತುಂಡುಗಳನ್ನು ಕತ್ತರಿಸುವವರು ಯಾರೂ ಇಲ್ಲ, ಜಾಲದ ವೇಗ ಹೇಗಿದೆಯೋ ಹಾಗೆ ತುಂಡಾಗುತ್ತದೆ. ಸಾಲು ಎಲ್ಲಿ ಮುಗಿಯಿತು ಎಂದು ಅದು ನೋಡುವುದಿಲ್ಲ. ಒಬ್ಬಳ ಹೆಸರಿನ ಮೊದಲ ಎರಡಕ್ಷರ ಈ ತುಂಡಿನ ಬಾಲದಲ್ಲಿ, ಉಳಿದದ್ದು ಮುಂದಿನ ತುಂಡಿನ ತಲೆಯಲ್ಲಿ ಬರಬಹುದು. ಹಾಗಾದಾಗ ಬಾಲವನ್ನು ಎತ್ತಿಟ್ಟುಕೊಂಡು, ಮುಂದಿನ ತುಂಡು ಬಂದ ಮೇಲೆ ಅದರ ತಲೆಗೆ ಸೇರಿಸಿ, ಆಮೇಲೆ ಓದಬೇಕು. ನಾಲ್ಕು ಸಾಲಿನ ಕೆಲಸ. ಆದರೆ ಅದಕ್ಕೆ ಮುಂದಿನ ತುಂಡು ಬರುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮವನು ಪ್ರತಿ ತುಂಡನ್ನೂ ಬಂದ ಹಾಗೇ ಪೂರ್ತಿ ಎಂದು ತಿಳಿದು ಓದುವಂತೆ ಬರೆದ.

ಸುಳ್ಳು ಹೆಸರುಗಳ ದೊಡ್ಡ ಪಟ್ಟಿಯೊಂದನ್ನು ಹಾಕಿ ನೋಡಿದಾಗ ನನಗೆ ಅಲ್ಲಲ್ಲಿ ಮುರಿದ ಸಾಲುಗಳು ಕಂಡವು. ಅರ್ಧ ಹೆಸರು, ಅಕ್ಷರ ಇರಬೇಕಾದಲ್ಲಿ ಕಪ್ಪು ಚೌಕದೊಳಗೊಂದು ಪ್ರಶ್ನೆ ಚಿಹ್ನೆ. ಬರೆದು ಕಳಿಸಿದೆ. ಅವನು ನನ್ನ ದೂರಿನ ಮೊದಲ ಸಾಲು ಓದಿ “ಗೊತ್ತಾಯ್ತು” ಎಂದು ಮಧ್ಯಾಹ್ನದೊಳಗೆ ಸರಿ ಮಾಡಿದ. ಸರಿ ಮಾಡಿದ್ದು ಹೇಗೆಂದರೆ, ಅರೆಬರೆಯಾಗಿ ಬಂದ ಸಾಲನ್ನು ಕಸ ಎಂದು ತಿಳಿದು ಎಸೆದು ಮುಂದೆ ಹೋಗು ಎಂದು ಒಂದು ಆಜ್ಞೆ ಸೇರಿಸಿದ. ಬಾಲವೂ ಕಸ, ತಲೆಯೂ ಕಸ. ಪುಟ ಕನ್ನಡಿಯ ಹಾಗೆ ಹೊಳೆಯಿತು. ನಾನು ಮತ್ತೆ ನೋಡಿದೆ, ಮುರಿದ ಸಾಲು ಒಂದೂ ಇಲ್ಲ. ಹೆಸರುಗಳನ್ನು ಎಣಿಸಬೇಕು ಎಂದು ನನಗೂ ಹೊಳೆಯಲಿಲ್ಲ. ಪರೀಕ್ಷಿಸಲಾಗಿದೆ ಎಂದು ಸಹಿ ಹಾಕಿದೆ. ಹನ್ನೊಂದು ವರ್ಷದ ಅನುಭವದ ಸಹಿ ಅದು, ಬಹಳ ಸೊಗಸಾಗಿತ್ತು.

ಪಟ್ಟಿಯ ದಿನ ಬಂತು. ಹತ್ತಕ್ಕೆ ಪುಟ ತೆರೆಯಿತು. ಮ್ಯಾನೇಜರ್ ಇಲಾಖೆಯ ಇಬ್ಬರು ಅಧಿಕಾರಿಗಳನ್ನು ಕರೆತಂದು ಅವನ ಬೆನ್ನ ಹಿಂದೆ ನಿಲ್ಲಿಸಿದ್ದರು. ಹೆಸರುಗಳು ಝರಿಯಂತೆ ಇಳಿಯುವುದನ್ನು ನೋಡಿ ಅಧಿಕಾರಿಗಳು ಬೆರಗಾದರು. ನಮ್ಮವನ ಮುಖ ಮದುಮಗನ ಹಾಗೆ ಅರಳಿತ್ತು. ಹತ್ತೂವರೆಗೆ ಅಕ್ಕನ ಫೋನು ಬಂತು. ಧ್ವನಿವರ್ಧಕದಲ್ಲಿ ಹಾಕಿ ಮೇಜಿನ ಮೇಲಿಟ್ಟ. ಅಧಿಕಾರಿಗಳಿಗೂ ಕೇಳಲಿ ಎಂದು ಇರಬೇಕು.

“ತಮ್ಮಾ, ಬೆಳಿಗ್ಗೆ ಬೇಗನೇ ಬಂದೆ, ದಾಖಲೆ ಚೀಲಾನೂ ತಂದಿದೀನಿ, ನಮ್ಮ ಹೆಡ್ ಮೇಡಂ ಫೋನಲ್ಲಿ ಆ ಪುಟ ತೆಗೆದು...”

“ಗೊತ್ತಾಯ್ತು ಅಕ್ಕ, ನಿನ್ನ ಹೆಸರು ನೋಡ್ಬೇಕು ತಾನೇ? ಒಂದು ನಿಮಿಷ.”

ಅರ್ಜಿ ಸಂಖ್ಯೆ ಅವನಿಗೆ ಬಾಯಿಪಾಠ, ಅರ್ಜಿ ತುಂಬಿದವನೇ ಅವನು. ಹಾಕಿದ. ಪಟ್ಟಿ ತಳದವರೆಗೂ ಇಳಿಯಿತು. ‘ನಿಮ್ಮ ಹೆಸರು ಈ ಪಟ್ಟಿಯಲ್ಲಿ ಇಲ್ಲ. ಧನ್ಯವಾದಗಳು.’ ಆ ಧನ್ಯವಾದ ಅವನೇ ಸೇರಿಸಿದ್ದು, ಜನರೊಂದಿಗೆ ಸೌಜನ್ಯ ಇರಬೇಕಂತೆ. ಅವನ ಮುಖ ಬಾಡಿತು, ಸುಳ್ಳು ಹೇಳಬಾರದು, ನಿಜವಾಗಿ ಬಾಡಿತು.

“ಇಲ್ಲ ಅಕ್ಕ. ಬಂದಿಲ್ಲ.”

“ಅಲ್ಲ ತಮ್ಮಾ, ಹೆಡ್ ಮೇಡಂ ಫೋನಲ್ಲಿ...”

“ಅಕ್ಕ, ಯಾರ ಫೋನಲ್ಲಿ ನೋಡಿದ್ರೂ ಅಷ್ಟೇ. ಆ ಪುಟ ಮಾಡಿದ್ದೇ ನಾನು. ಇಲ್ಲ ಅಂದ್ರೆ ಇಲ್ಲ. ಸಂಜೆ ಮನೆಗೆ ಬರ್ತೀನಿ, ಬೇಜಾರು ಮಾಡ್ಕೋಬೇಡ.”

“ಹೌದಾ, ಸರಿ ಹಾಗಾದ್ರೆ” ಎಂದು ಫೋನು ಇಟ್ಟಳು. ಅಧಿಕಾರಿಗಳಲ್ಲೊಬ್ಬರು ಅವನ ಭುಜ ತಟ್ಟಿ, ಸ್ವಂತ ಅಕ್ಕನಿಗೂ ಪಕ್ಷಪಾತ ಇಲ್ಲದ ವ್ಯವಸ್ಥೆ ಎಂದು ಮೆಚ್ಚಿದರು.

ಹನ್ನೊಂದರಿಂದ ದೂರಿನ ಕರೆಗಳು ಶುರುವಾದವು. ಒಬ್ಬರು ಬೆಳಿಗ್ಗೆ ಹೆಸರಿತ್ತು, ಈಗಿಲ್ಲ ಎಂದರು. ಇನ್ನೊಬ್ಬರು ಗಂಡನ ಫೋನಿನಲ್ಲಿ ಇದೆ, ನನ್ನದರಲ್ಲಿ ಇಲ್ಲ ಎಂದರು. ನಮ್ಮವನು ಎಲ್ಲರಿಗೂ ಒಂದೇ ಉತ್ತರ ಹೇಳಿಸಿದ: ಫೋನು ಆರಿಸಿ ಮತ್ತೆ ಹಚ್ಚಿ. ಕೆಲವರಿಗೆ ಹಾಗೆ ಮಾಡಿದ ಮೇಲೆ ಹೆಸರು ಸಿಕ್ಕಿಯೂಬಿಟ್ಟಿತು, ಅವನ ವಿಶ್ವಾಸ ಇನ್ನಷ್ಟು ಗಟ್ಟಿಯಾಯಿತು. ಹೆಸರು ಸಿಗದವರು ತಮ್ಮ ಹಣೆಬರಹ ಎಂದುಕೊಂಡು ಇಟ್ಟುಬಿಟ್ಟರು.

ನನಗೆ ಎರಡೂಕಾಲರ ಹೊತ್ತಿಗೆ ಅನುಮಾನ ಬಂತು. ಎರಡು ಫೋನು ಪಕ್ಕಪಕ್ಕ ಇಟ್ಟು ಎರಡರಲ್ಲೂ ಇಳಿದ ಹೆಸರುಗಳನ್ನು ಎಣಿಸಿದೆ. ಲೆಕ್ಕ ಬೇರೆ ಬೇರೆ ಬಂತು. ಆಫೀಸಿನ ವೇಗದ ಜಾಲದಲ್ಲಿ ಎಪ್ಪತ್ತೊಂದು ಹೆಸರು ಕಮ್ಮಿ. ಬೇಕೆಂದೇ ವೇಗ ಇಳಿಸಿ ನೋಡಿದರೆ ಮುನ್ನೂರು ಚಿಲ್ಲರೆ ಕಮ್ಮಿ. ವೇಗ ಕಮ್ಮಿಯಾದಷ್ಟೂ ತುಂಡು ಸಣ್ಣದು, ತುಂಡು ಸಣ್ಣದಾದಷ್ಟೂ ಸಂದಿ ಜಾಸ್ತಿ, ಸಂದಿಗೊಬ್ಬರಂತೆ ಮಾಯ. ಅಂದರೆ ಒಳ್ಳೆಯ ಫೋನು ಇಲ್ಲದವರಿಗೇ ಹೆಚ್ಚು ಏಟು. ಮತ್ತೆ ಹಚ್ಚಿದಾಗ ತುಂಡಾಗುವ ಜಾಗ ಬದಲಾಗಿ ಬೇರೆ ಯಾರೋ ಸಂದಿಗೆ ಬೀಳುತ್ತಿದ್ದರು.

ಅವನ ಕುರ್ಚಿಯನ್ನು ಹಿಡಿದು ನನ್ನ ಕಡೆ ತಿರುಗಿಸಿದೆ. “ನೀವು ಎಸೀತಿರೋದು ಕಸ ಅಲ್ಲ, ಜನ” ಎಂದೆ. ಅವನು ಗೊತ್ತಾಯ್ತು ಎನ್ನಲು ಬಾಯಿ ತೆರೆದ. ಕೈ ಅಡ್ಡ ಹಿಡಿದು, ಎಲ್ಲ ಹೇಳಿ ಮುಗಿಸಿದೆ. ಅವನ ಮುಖದ ಬಣ್ಣ ಇಳಿಯಿತು. ಕೀಲಿಮಣೆಯ ಮೇಲೆ ಬೆರಳು ಓಡಿದವು. ಬಾಲ ಎತ್ತಿಟ್ಟುಕೊಳ್ಳುವ ಆ ನಾಲ್ಕು ಸಾಲು ಬರೆದು ಪುಟಕ್ಕೆ ಏರಿಸಲು ಹಿಡಿದದ್ದು ಇಪ್ಪತ್ತು ನಿಮಿಷ. ಏರಿಸಿದ ಕೂಡಲೇ ಅಕ್ಕನ ಸಂಖ್ಯೆ ಹಾಕಿದ. ಇದ್ದಳು. ಆಗ ಮೂರು ಹತ್ತು.

ಶಾಲೆಯ ಹೊತ್ತಿನಲ್ಲಿ ಅಲ್ಲಿ ಎಲ್ಲರ ಫೋನೂ ಹೆಡ್ ಮೇಡಂ ಮೇಜಿನ ಖಾನೆಯಲ್ಲಿ ಇರುತ್ತದೆ. ಕಚೇರಿಯ ಫೋನಿಗೆ ಮಾಡಿ, ಯಾರೋ ಎತ್ತಿ, ಯಾರನ್ನೋ ಕಳಿಸಿ, ಅವಳು ಕೈಗವಸು ಬಿಚ್ಚಿ ಬರುವಷ್ಟರಲ್ಲಿ ಮೂರೂಕಾಲು ದಾಟಿತ್ತು. ಎರಡು ಬಸ್ಸು ಬದಲಿಸಿ ವಲಯ ಕಚೇರಿ ಮುಟ್ಟಿದಾಗ ನಾಲ್ಕೂ ಹನ್ನೆರಡು. ಕಿಟಕಿ ಮುಚ್ಚಿತ್ತು. ಅವಳ ಹೆಸರಿನ ಮುಂದೆ ‘ಇಷ್ಟವಿಲ್ಲ’ ಎಂದು ಬರೆದಾಗಿತ್ತು.

ಮರುದಿನ ಗಲಾಟೆಯಾಯಿತು, ಜನ ಕಚೇರಿಯ ಮುಂದೆ ಕೂತರು. ಇಲಾಖೆ ಒಂದು ದಾರಿ ಹುಡುಕಿತು. ಪುಟದ ದೋಷದಿಂದ ಹೆಸರು ಕಾಣದವರು ಸೋಮವಾರ ಬಂದು ಒಂದು ಫಾರಂಗೆ ಸಹಿ ಹಾಕಿದರೆ ಅವರ ಕೆಲಸ ಅವರಿಗೇ. ನಮ್ಮವನಿಗೆ ಹೋದ ಜೀವ ಬಂತು. ಮೂರು ದಿನ ಅಕ್ಕನಿಗೆ ಫೋನು ಮಾಡಿದ್ದೇ ಮಾಡಿದ್ದು. ಅವಳು ಏನೋ ಹೇಳಲು ಹೊರಟಾಗಲೆಲ್ಲ “ನೀನು ಏನೂ ಹೇಳ್ಬೇಡ ಅಕ್ಕ, ನಾನೇ ಬಂದು ಎಲ್ಲ ಸರಿ ಮಾಡಿಸ್ತೀನಿ” ಎನ್ನುತ್ತಿದ್ದ. ಸೋಮವಾರ ಕಂಪನಿಯ ಪರವಾಗಿ ದೋಷವಿದ್ದದ್ದು ನಿಜ ಎಂದು ದೃಢೀಕರಿಸಲು ನನ್ನನ್ನು ಕಳಿಸಿದರು. ಬೆಳಿಗ್ಗೆಯಿಂದ ನೂರಾರು ಕಾಗದಕ್ಕೆ ಕಣ್ಣು ಹಾಯಿಸದೆ ಸಹಿ ಗೀಚುತ್ತ ಕೂತಿದ್ದೆ.

ಉದ್ದನೆಯ ಕೋಣೆ, ಮರದ ಬೆಂಚು, ಕಿಟಕಿಯ ಹಿಂದೆ ಕನ್ನಡಕ ಹಣೆಗೇರಿಸಿಕೊಂಡ ಗುಮಾಸ್ತರು. ಬಂದವರು ಫಾರಂ ತಗೊಂಡು, ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅಕ್ಕ ಒಬ್ಬಳೇ ಫಾರಂ ಅನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಓದಿ, ಗುಮಾಸ್ತರ ಕಡೆ ತಿರುಗಿಸಿಟ್ಟಳು.

“ಸಾರ್, ‘ನನ್ನ ಹೆಸರು ನನಗೆ ಕಾಣಲಿಲ್ಲ’ ಅಂತ ಇದರಲ್ಲಿ ಬರೆದಿದೆ. ನನಗೆ ಕಂಡಿತ್ತು.”

“ಇಲ್ಲ ಸಾರ್, ಕಾಣಲಿಲ್ಲ” ಎಂದು ಪಕ್ಕದಿಂದ ನಮ್ಮವನು ನುಗ್ಗಿದ. “ಅಕ್ಕನಿಗೆ ಗಾಬರಿ. ನಾನೇ ನೋಡಿದೀನಿ, ಇರಲಿಲ್ಲ.”

“ನೀವ್ಯಾರು?”

“ತಮ್ಮ. ಆ ಪುಟ ಮಾಡಿದವನು.”

“ಹಾಗಾದ್ರೆ ಸ್ವಲ್ಪ ಸುಮ್ನಿರಿ” ಎಂದರು ಗುಮಾಸ್ತರು. ಆ ಮನುಷ್ಯನಿಗೆ ಆರತಿ ಎತ್ತಬೇಕು ಅನಿಸಿತು ನನಗೆ. “ನೀವು ಹೇಳಿಯಮ್ಮಾ.”

ಅವಳು ತನ್ನ ರೀತಿಯಲ್ಲೇ ಹೇಳಿದಳು, ಒಂದು ನಿಲ್ದಾಣವನ್ನೂ ಬಿಡದೆ. “ಆವತ್ತು ಹತ್ತು ಗಂಟೆಗೆ ಹೆಡ್ ಮೇಡಂ ಅವರ ಫೋನಲ್ಲಿ ತೆಗೆದ್ರು ಸಾರ್. ನಮ್ಮ ಶಾಲೆ ಹತ್ರ ಸಿಗ್ನಲ್ ಸಿಗೋದೇ ಕಷ್ಟ, ಕಿಟಕಿ ಹತ್ರ ನಿಂತ್ಕೊಂಡ್ವಿ. ನನ್ನ ಹೆಸರು ಬಂತು. ಹೆಸರು, ಶಾಲೆ, ಸಂಖ್ಯೆ, ಎಲ್ಲ ಸರಿಯಾಗಿತ್ತು. ಮೇಡಂ ನನ್ನ ತಬ್ಕೊಂಡ್ರು. ಜನ್ಮ ದಿನಾಂಕಕ್ಕೆ ಯಾವ ದಾಖಲೆ ತಗೊಂಡು ಹೋಗ್ಲಿ ಅಂತ ಕೇಳೋಕೆ ತಮ್ಮನಿಗೆ ಫೋನ್ ಮಾಡಿದೆ. ಅವನು ಇಲ್ಲ ಅಂದ. ಪುಟ ಮಾಡಿದವನೇ ಇಲ್ಲ ಅಂದ್ಮೇಲೆ ನಾನು ನೋಡಿದ್ದೇ ತಪ್ಪು ಅಂದ್ಕೊಂಡೆ. ಮೇಡಂ ಹೋಗಿ ಹೋಗಿ ಅಂತ ಎರಡು ಸಲ ಹೇಳಿದ್ರು. ತಮ್ಮ ನನಗೆ ಸುಳ್ಳು ಹೇಳಲ್ಲ ಮೇಡಂ ಅಂತ ಹೇಳಿ ನಳಿಕೆ ತೊಳೆಯೋಕೆ ಹೋದೆ.”

ನಮ್ಮವನು ಕಿಟಕಿಯ ಕಟ್ಟೆ ಹಿಡಿದುಕೊಂಡ. ಅವಳ ಕಡೆ ನೋಡಲಾರದೆ ನನ್ನ ಕಡೆ ನೋಡಿದ. ನಾನೇನು ಮಾಡಲಿ, ನನ್ನ ಕೈಯಲ್ಲಿದ್ದ ಪೆನ್ನು ನೋಡಿಕೊಂಡೆ.

“ಕಂಡೂ ಬರಲಿಲ್ಲ ಅಂದ್ರೆ ಇಷ್ಟ ಇಲ್ಲ ಅಂತಲೇ ಲೆಕ್ಕ ಆಗುತ್ತಮ್ಮಾ” ಎಂದರು ಗುಮಾಸ್ತರು. ಆಮೇಲೆ ದನಿ ತಗ್ಗಿಸಿ, “ಸಹಿ ಹಾಕ್ಬಿಡಿ. ಯಾರು ಕೇಳ್ತಾರೆ? ನಿಮ್ಮ ಹಕ್ಕಿನದೇ ತಾನೇ” ಎಂದರು.

“ಬೇರೆ ಫಾರಂ ಇಲ್ವಾ ಸಾರ್? ಕಂಡಿತ್ತು, ಆದ್ರೆ ಇಲ್ಲ ಅಂತ ಹೇಳಿದ್ರು ಅಂತ ಬರೆಯೋಕೆ?”

“ಅಂಥದ್ದು ಇಲ್ಲ.”

“ಹಾಗಾದ್ರೆ ಹೇಗೆ ಬರೀಲಿ? ಕಣ್ಣಾರೆ ಕಂಡಿದೀನಿ.”

ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೆ ಸಿಟ್ಟು ಬಂತು. ಇಷ್ಟು ಉದ್ದದ ಕೋಣೆಯಲ್ಲಿ, ಓದದೆ ಹಾಕಿದ ಇಷ್ಟೊಂದು ಸಹಿಗಳ ನಡುವೆ, ಇವಳೊಬ್ಬಳಿಗೆ ಏನು ಹಟ? ಹಿಡಿದು ಅಲುಗಿಸಬೇಕು ಅನಿಸಿತು. ತಮ್ಮ ಅವಳ ಕೈಗೆ ಪೆನ್ನು ತುರುಕಲು ಹೋದ, ಕಣ್ಣಲ್ಲಿ ನೀರು ಧಾರಾಕಾರ. ಅವಳು ಪೆನ್ನನ್ನು ಕಟ್ಟೆಯ ಮೇಲಿಟ್ಟು, ದಾಖಲೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, “ಹಿಂದೆ ಜನ ಕಾಯ್ತಿದಾರೆ, ಬಾ” ಎಂದಳು.

ಆಮೇಲೆ ಕಂಪನಿಯಲ್ಲಿ ಏನಾಯಿತು ಎಂದು ಕೇಳುತ್ತೀರಾ? ಮ್ಯಾನೇಜರ್ ಎಲ್ಲರ ಮುಂದೆ ನಮ್ಮವನನ್ನು ಹೊಗಳಿದರು. ದೋಷ ಸಿಕ್ಕಿದ ಇಪ್ಪತ್ತೇ ನಿಮಿಷದಲ್ಲಿ ಸರಿಪಡಿಸಿದ್ದಕ್ಕೆ ಪ್ರಶಂಸಾ ಪತ್ರ ಕೊಟ್ಟರು. ನನಗೂ ಒಂದು ಕೊಟ್ಟರು, ದೋಷ ಹುಡುಕಿದ್ದಕ್ಕೆ. ನಾಚಿಕೆಯಿಲ್ಲದೆ ಇಬ್ಬರೂ ಇಸಿದುಕೊಂಡೆವು.

ಮುಂದಿನ ತಿಂಗಳು ಅಕ್ಕ ಎಂದಿನಂತೆ ಡಬ್ಬಿ ತಂದಳು. ತಮ್ಮ ಕುರ್ಚಿ ತಿರುಗಿಸಿಕೊಂಡು ಅವಳ ಎದುರು ಕೂತು, ಒಂದು ಮಾತೂ ಆಡದೆ ಕೊನೆಯವರೆಗೂ ಕೇಳಿದ. ಇನ್ನು ಕೇಳಿ ಏನು ಉಪಯೋಗ. ಅವಳ ಜಾಗಕ್ಕೆ ಪಟ್ಟಿಯ ಮುಂದಿನ ಹೆಸರಿನವಳು ಬಂದು ಸೇರಿದ್ದಳು. ವರ್ಷದ ಆದೇಶ ಮುಗಿಯುವವರೆಗೆ ಅಕ್ಕನೂ ಅಲ್ಲೇ, ಕೆಲಸ ಕಲಿಸಿಕೊಡಲು.

“ಪಾಪ, ಒಳ್ಳೆ ಹುಡುಗಿ” ಎಂದಳು ಅಕ್ಕ. “ಯಾವ ಬಾಟಲಿ ಎಲ್ಲಿಡಬೇಕು ಅಂತ ಇನ್ನೂ ಗೊತ್ತಾಗಲ್ಲ. ಮೊನ್ನೆಯಿಂದ ಒಂದೊಂದೇ ಕಪಾಟು ತೆಗೆದು ತೋರಿಸ್ತಿದೀನಿ. ಮೂರು ಆಯ್ತು, ಇನ್ನು ಎರಡು ಇದೆ. ಆಮೇಲೆ ಬೀಗದ ಕೈ ಅವಳಿಗೆ ಕೊಟ್ಟುಬಿಡ್ತೀನಿ.”